ಸೀಮೆಸುಣ್ಣದ ಪುಡಿಯ ಮೇಲಿನ ಗೆರೆ

ಶಿಕಾರಿಪುರದ ನಮ್ಮ ಮುಚ್ಚಿದ ಗ್ಯಾರೇಜು ತೆರೆದಾಗ ಸೀಮೆಎಣ್ಣೆಯ ವಾಸನೆ ಬಂತು. ಬಾಗಿಲಿಗೆ ಒತ್ತಾಗಿಟ್ಟಿದ್ದ ಹಳೆಯ ಸಿಲಿಂಡರ್ ಹೆಡ್, ಎಂಜಿನ್ನಿನ ಮೇಲಿನ ಮುಚ್ಚಳ, ಇನ್ನೂ ಅಲ್ಲೇ ಇತ್ತು.

ಅದು ಸೊರಬದ ಬಸಣ್ಣನವರ ಪುಟ್ಟ ಬಾಡಿಗೆ ಕಾರಿನದು. ಅಪ್ಪ ಯಾವ ಹೆಡ್ ಬಂದರೂ ಮೊದಲು ಪಕ್ಕದಲ್ಲಿ ಅಚ್ಚೊತ್ತಿದ ನಂಬರು ಓದಿ ಯಾವ ಗಾಡಿಯದೆಂದು ಗುರುತಿಸಿ, ಆಮೇಲೆ ಸೀಮೆಎಣ್ಣೆ ಬಳಿಯುತ್ತಿದ್ದರು. ಅದನ್ನು ಪೂರ್ತಿ ಒರೆಸುವುದು ಚಿಕ್ಕವಳಾಗಿದ್ದ ನನ್ನ ಕೆಲಸ. ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರೆ, ಬಿರುಕಿಗೆ ಇಳಿದಿದ್ದ ಎಣ್ಣೆ ಗೆರೆಯಾಗಿ ಮೂಡುತ್ತಿತ್ತು. ಸರಿಯಾಗಿ ಒರೆಸದಿದ್ದರೆ ಮೇಲೆ ಉಳಿದ ಎಣ್ಣೆಯೂ ಹಾಗೇ ಗೆರೆಯಾಗಿ ಕಾಣುತ್ತಿತ್ತು.

ಬಸಣ್ಣನವರ ಹೆಡ್ ಬಂದ ದಿನ ಕುಂಟೆಬಿಲ್ಲೆ ಆಟಕ್ಕೆ ಗೆಳತಿಯರು ಕಾಯುತ್ತಿದ್ದರು. ಬೇಗ ಬೇಗ ಒರೆಸಿದೆ. ಎರಡು ವಾಲ್ವುಗಳ ನಡುವೆ ಗೆರೆ ಮೂಡಿತು.

"ಬಿರುಕು ಬಿಟ್ಟೈತ್ ನೋಡ್ರಿ," ಎಂದರು ಅಪ್ಪ.

"ಬೇರೆ ಹೆಡ್ ಸಿಗಲ್ವೇನ್ರೀ?" ಬಸಣ್ಣ ಕೇಳಿದರು.

"ಈ ನಂಬರಿಂದು ಸಿಗಂಗಿಲ್ರಿ."

ಬಸಣ್ಣ ಕಾರನ್ನು ಗುಜರಿಗೆ ಹಾಕಿ, ಯಾರದೋ ಲಾರಿ ಓಡಿಸಲು ಹೋದರು. ಹೆಡ್ ನಮ್ಮಲ್ಲೇ ಉಳಿಯಿತು.

ಇವತ್ತು ಬಾಟಲಿಯ ತಳದಲ್ಲಿದ್ದ ಸೀಮೆಎಣ್ಣೆಯನ್ನು ಹೆಡ್ಡಿಗೆ ಬಳಿದೆ. ಚೆನ್ನಾಗಿ ಒರೆಸಿ ಪುಡಿ ಉದುರಿಸಿದೆ. ಕಾದೆ. ಹೀಗೇ ಮೂರು ಸಲ ಮಾಡಿದೆ. ಗೆರೆ ಮೂಡಲಿಲ್ಲ. ಅಳುವೂ ಬರಲಿಲ್ಲ.

ಹೊರಗೆ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಕೂಗಿದರು: "ಏನ್ ಮಾಡಾಕತ್ತೀಯವ್ವಾ ಒಳಗ?"

ಹೆಡ್ಡನ್ನು ಮತ್ತೆ ಬಾಗಿಲಿಗೆ ಒತ್ತಿಟ್ಟು ಹೇಳಿದೆ: "ಧೂಳು ಒರಸಾಕತ್ತೀನಪ್ಪಾ."