ಗುಂಡಿ ತಿರುಗಿಸಿದವರು ಯಾರು?

ನಮ್ಮನೆಯವರಂಥ ಅನುಮಾನದ ಪ್ರಾಣಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎನ್ನುವ ಪೈಕಿ. ಆದರೆ ಇವರದು ಇಸ್ತ್ರಿ ಅಂಗಡಿ, ಆ ಕೆಲಸದಲ್ಲಿ ಎತ್ತಿದ ಕೈ. ಇಸ್ತ್ರಿಪೆಟ್ಟಿಗೆಯ ಬಿಸಿ ಹೆಚ್ಚು ಕಡಿಮೆ ಮಾಡುವ ಗುಂಡಿಯ ಮೇಲಿರುವ ಅಂಕಿಯನ್ನು ಎಂದೂ ನಂಬಿದವರಲ್ಲ. ಪೆಟ್ಟಿಗೆಯ ತಳಕ್ಕೆ ಅಂಗೈ ಒಡ್ಡಿಯೇ ಬಿಸಿ ನೋಡುತ್ತಿದ್ದರು.

ಅಂಥವರ ಕೈಯಲ್ಲಿ ಬಟ್ಟೆ ಸುಡತೊಡಗಿತು. ಮೊದಲು ಒಂದು ಅಂಗಿಯ ಕಾಲರು, ಆಮೇಲೆ ವಕೀಲರ ಕರಿ ಕೋಟು. ಗುಮಾನಿ ನೇರ ನನ್ನ ತಮ್ಮನ ಮೇಲೆ ಹೋಯಿತು. ಅಂಗಡಿಯಲ್ಲಿ ಬಟ್ಟೆ ಮಡಿಸುತ್ತಿದ್ದವನು ಅವನು. ಕಣ್ಣು ತಪ್ಪಿಸಿ ಗುಂಡಿ ತಿರುಗಿಸುತ್ತಾನೆ, ಹೆಸರು ಕೆಡಿಸಿ ಅಂಗಡಿ ಲಪಟಾಯಿಸುವ ಸಂಚು ಎಂದು ಹೇಳಿ ಒಂದು ದಿನ ಆಚೆ ಹಾಕಿಯೇಬಿಟ್ಟರು. ನಾನೇ ಎತ್ತಿ ಆಡಿಸಿ ಬೆಳೆಸಿದ ಹುಡುಗ. ಅವನು ಬೇರೆ ಕಡೆ ಬಾಡಿಗೆ ಕೋಣೆ ಹಿಡಿದು ಹೋದ.

ಅವನು ಹೋದ ಮೇಲೂ ಬಟ್ಟೆ ಸುಟ್ಟವು. ಈಗೇನಂತೀರಿ ಎಂದೆ. ಕಳ್ಳಕೀಲಿ ಮಾಡಿಸಿಕೊಂಡಿದ್ದಾನೆ ಎಂದರು. ಕರ್ಮ! ಬೀಗ ಬದಲಾಯಿತು.

ಒಂದು ಮಧ್ಯಾಹ್ನ ಊಟ ಕೊಡಲು ಹೋದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಬಟ್ಟೆಯದಲ್ಲ. ತಮ್ಮ ಬಂದಾನೆಂದು ಇವರು ಬಾಗಿಲನ್ನೇ ನೋಡುತ್ತ, ಅಂಗೈಯನ್ನು ಪೆಟ್ಟಿಗೆಗೆ ಒತ್ತಿ ಹಿಡಿದಿದ್ದರು.

"ಇದಿನ್ನೂ ಕಾದೇ ಇಲ್ಲ ಕಣೇ," ಎಂದರು.

ಕೈ ಹಿಡಿದೆಳೆದೆ. ಚರ್ಮ ಕಿತ್ತು ಬಂತು. ಇವರು ಮುಖ ಕೂಡ ಕಿವುಚಲಿಲ್ಲ. ಆಸ್ಪತ್ರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆ.

ಬೆನ್ನುಹುರಿಯೊಳಗೆ ನೀರು ತುಂಬಿದ ಟೊಳ್ಳು ಇದೆ ಎಂದರು ಡಾಕ್ಟರು. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಬಿಸಿ, ನೋವು ತಿಳಿಸುವ ನರಗಳನ್ನು ಕೊಂದಿದೆಯಂತೆ. ಆಪರೇಷನ್ ಮಾಡಿದರೆ ಇನ್ನಷ್ಟು ಬೆಳೆಯುವುದು ನಿಂತೀತು, ಹೋದದ್ದು ಮರಳುವುದು ಕಷ್ಟ. ಅಂದರೆ ಬಿಸಿ ತಿಳಿಯದೆ ಗುಂಡಿ ತಿರುಗಿಸುತ್ತಿದ್ದವರು ಇವರೇ. ಹೊರಗೆ ಬಂದು ಇವರು ಕೇಳಿದ್ದೊಂದೇ: ಈ ಡಾಕ್ಟರು ನಿನ್ನ ತಮ್ಮನಿಗೆ ಪರಿಚಯವೇ?

ಮರುದಿನ ಇವರನ್ನು ಎಳೆದುಕೊಂಡೇ ತಮ್ಮನ ಕೋಣೆಗೆ ಹೋದೆ. ಎಲ್ಲ ಹೇಳಿ, ವಾಪಸ್ ಬಾ, ಇನ್ನು ನೀನೇ ಬಿಸಿ ನೋಡಬೇಕು ಎಂದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಭಾವನ ಕೈಗೆ ಬಿಸಿ ಗೊತ್ತಾಗ್ತಿಲ್ಲ ಅಂತ ನಾನು ಆಗಲೇ ನೋಡಿದ್ದೆ ಅಕ್ಕ."

"ನೋಡೀನೂ ಸುಮ್ನಿದ್ಯಾ? ಬಾಯಿ ಬಿದ್ದು ಹೋಗಿತ್ತಾ ನಿಂಗೆ?"

"ಹೇಳ್ದೆ. ಆಸ್ಪತ್ರೆಗೆ ಹೋಗೋಣ ಬನ್ನಿ ಭಾವ ಅಂತ ಕೈ ಹಿಡ್ಕೊಂಡೆ. ಅವತ್ತೇ ನನ್ನನ್ನ ಆಚೆ ಹಾಕಿದ್ದು."

ನನಗಿದು ಗೊತ್ತೇ ಇರಲಿಲ್ಲ. ಇವರ ಕಡೆ ತಿರುಗಿದೆ. ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

"ನನ್ನನ್ನ ಆಸ್ಪತ್ರೇಲಿ ಮಲಗ್ಸಿ ಅಂಗಡೀಲಿ ಇವನು ಕೂತ್ಕೋತಾನೆ ಅಂದ್ಕೊಂಡೆ ಕಣೇ," ಎಂದರು.