ತಿರುಗಿಸಿ ಓದಬೇಕಾದ ಚಿತ್ರಕತೆ

ಯುದ್ಧದ ಕಾಲದಲ್ಲಿ ನ್ಯಾಮತಿಯಲ್ಲಿ ಕಾಗದ ಸಿಗುವುದೇ ಕಷ್ಟವಾಗಿತ್ತು. ನನ್ನ ತಂಗಿ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಚಿತ್ರ ಬರೆಯುತ್ತಿದ್ದಳು. ರಜೆಯ ಮೇಲೆ ಬಂದಿದ್ದ ಸಿಪಾಯಿಯೊಬ್ಬ ತೋರಿಸಿದ ಇಂಗ್ಲಿಷ್ ಚಿತ್ರಪುಸ್ತಕದಲ್ಲಿ ಹಾರುವವರು, ಬಂಡೆ ಎತ್ತುವವರು ಇದ್ದರು. ಹಾರಿ ಎಲ್ಲಿಗೆ ಹೋಗಬೇಕು ಎಂದು ಅವಳು ಕೇಳಿದ್ದಳು. ಅವಳ ಕತೆಯಲ್ಲಿ ಶಕ್ತಿ ಬರುತ್ತಿದ್ದುದು ನಮ್ಮ ಓಣಿಯವರಿಗೆ. ಒಬ್ಬಳ ಕೈ ಸೀಮೆಎಣ್ಣೆ ಸಾಲಿನ ತುದಿಯಿಂದ ಅಂಗಡಿಯವರೆಗೂ ಉದ್ದವಾಗುತ್ತಿತ್ತು. ಮುದುಕಿಯೊಬ್ಬಳು ಮಲಗಿದರೆ ಅವಳ ನೆರಳು ಎದ್ದು ಜೋಳ ಬೀಸುತ್ತಿತ್ತು. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಕಂಡಕ್ಟರ್ ಕೂಗಿದೊಡನೆ ದಿಬ್ಬ ಹತ್ತುತ್ತಿತ್ತು. ಕಾಗದ ಉಳಿಸಲು ಅಂಚಿನಿಂದ ಸುತ್ತುತ್ತ ಬರೆದು ನಡುವಿಗೆ ಬರುತ್ತಿದ್ದಳು. ಜಾಗ ಮಿಕ್ಕರೆ ಅಲ್ಲೇ ಇನ್ನೊಂದು ಕತೆ. ಹಾಳೆ ತಿರುಗಿಸುತ್ತ ಓದಬೇಕು. ನನಗೆ ಒಂದು ಹಾಳೆಯೂ ಪೂರ್ತಿ ಅರ್ಥವಾಗಿರಲಿಲ್ಲ.

ಬಿಳಿಚೋಡಿನಿಂದ ಅವಳನ್ನು ನೋಡಲು ಹುಡುಗ, ಅವನ ತಂದೆ, ಸೋದರತ್ತೆ ಬಂದರು. ಅತ್ತೆ ನಡೆಸಿ ನೋಡಿದರು, ಜಡೆ ಹಿಡಿದು ನೋಡಿದರು, ಮತ್ತೆ ನಡೆಯಲು ಹೇಳಿದರು.

'ಸಾಕು ಬಿಡತ್ತೆ, ಅವ್ರು ಕುಂತ್ಕಳ್ಳಿ,' ಎಂದ ಹುಡುಗ.

ಅವರು ಹೋದ ಮೇಲೆ ತಂಗಿ ತನಗೆ ಒಪ್ಪಿಗೆ ಎಂದು ಅವ್ವನಿಗೆ ಹೇಳಿದಳು. ಅದಕ್ಕೆ ಮೊದಲು ಬಂದವರ ವಿಷಯದಲ್ಲಿ ಬಾಯಿ ಬಿಟ್ಟವಳೇ ಅಲ್ಲ.

ಸಂಜೆ ಹಾಳೆಗಳಿಗಾಗಿ ಹುಡುಕಾಡಿದಳು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅವ್ವ ಕೊಬ್ಬರಿ, ಬೆಲ್ಲವನ್ನು ಅವುಗಳಲ್ಲೇ ಕಟ್ಟಿಕೊಟ್ಟಿದ್ದಳು. ಅವುಗಳಲ್ಲೊಂದು, ಹಿಂದೆ ಬಂದು ಬೇಡವೆಂದವರ ಮೇಲಿನ ಸಿಟ್ಟಿನಲ್ಲಿ ಬರೆದದ್ದು. ಅದರಲ್ಲಿನ ಹೆಂಗಸು ಯಾವ ಹುಡುಗಿಯನ್ನು ನೋಡಿದರೂ ಆ ಹುಡುಗಿಯ ಹಣೆಯ ಮೇಲೆ ಬೆಲೆ ಮೂಡುತ್ತಿತ್ತು. ಕೊನೆಗೆ ಸ್ವಂತ ಮಗಳ ಹಣೆಯ ಮೇಲೂ.

'ಅವ್ರತ್ತೆ ನೋಡಿದ್ರೆ ತಮ್ಮನ್ನೇ ಬರ್ದಾಳೆ ಅಂತಾರಣ್ಣ,' ಎಂದಳು. ಆ ದಿನ ಊಟಕ್ಕೆ ಏಳಲಿಲ್ಲ.

ಮುಂದಿನ ವಾರ ಹುಡುಗನ ತಂದೆ ಒಬ್ಬರೇ ಬಸ್ಸಿಳಿದು ಬಂದರು. ಬೇಡವೆನ್ನಲು ಯಾರೂ ಅಷ್ಟು ದೂರ ಬರುವುದಿಲ್ಲ, ಹೇಳಿ ಕಳಿಸುತ್ತಾರೆ. ಅದು ಆಗ ನಮಗಾರಿಗೂ ಹೊಳೆಯಲಿಲ್ಲ. ಅವರು ಬೆಲ್ಲದ ಕಲೆಯಾಗಿದ್ದ ಹಾಳೆಯನ್ನು ಚಾಪೆಯ ಮೇಲೆ ಹಾಸಿದರು. ತಾನು ನೋಡದೆ ಕಟ್ಟಿದೆನೆಂದು ಅವ್ವ ಹೇಳತೊಡಗಿದಳು.

'ಅದಿರ್ಲಿ ಬಿಡ್ರಿ ಅಕ್ಕಾರೆ. ಈ ಹೆಂಗ್ಸು ಮಗಳ್ನ ನೋಡಿದ್ಮೇಲೆ ಏನ್ ಮಾಡ್ತಾಳೆ? ಮನೆಯಾಗೆ ಒಬ್ರು ಹಿಂಗೆ ಅಂತಾರೆ, ಒಬ್ರು ಹಂಗೆ ಅಂತಾರೆ. ಅದನ್ನೇ ಕೇಳಾಕೆ ಬಂದೀನಿ.'

ಸೋದರತ್ತೆಯವರಿಗೆ ಬೇಸರವಾಗಿಲ್ಲವೇ ಎಂದು ಕೇಳಿದೆ.

'ಅವ್ಳಿಗೆ ಯಾಕ್ರೀ ಬೇಸರ? ಇದು ನಮ್ಮ ಪಕ್ಕದ ಮನೆಯಾಕೆನೇ, ಅವ್ಳನ್ನ ಈ ಹುಡ್ಗಿ ಎಲ್ಲಿ ನೋಡಿದ್ಳು ಅಂತ ನನ್ನ ತಂಗೀನೇ ಕೇಳ್ತಾಳೆ.'

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿ, 'ಹಾಳೆ ತಲೆಕೆಳಗೈತೆ,' ಎಂದಳು. ಆಮೇಲೆ ಬಂದು ಅವರ ಎದುರು ಕುಳಿತು ಅದನ್ನು ತಿರುಗಿಸಿ, ಹೆಂಗಸು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಗಳ ಕೈ ಹಿಡಿದು ನಡೆಯುವ ಚಿತ್ರ ತೋರಿಸಿದಳು. ಅವರು ಅವಳ ಬೆರಳಿನ ಹಿಂದೆಯೇ ಬಗ್ಗಿ ನೋಡುತ್ತಿದ್ದರು.

ಅವ್ವ ತಡೆಯಲಾರದೆ ಮದುವೆಯ ಮಾತು ಏನಾಯಿತೆಂದು ಕೇಳಿದಳು.

'ಅದು ಅವತ್ತೇ ಆತಲ್ರೀ. ಹುಡ್ಗ ಬಸ್ಸಿನಾಗೇ ಒಪ್ಗೆ ಅಂದ,' ಎಂದರು, ತಲೆ ಎತ್ತದೆ.

ಅವ್ವ ಗೋಡೆಗೊರಗಿ ಅಲ್ಲೇ ಕುಳಿತುಬಿಟ್ಟಳು.