ಒಂದೇ ತಟ್ಟೆಯ ಸೊಪ್ಪು

ಮೊದಲು ಬಂದದ್ದು ವಾಸನೆ. ಬಾಲ್ಕನಿಯಲ್ಲಿ ಎಲ್ಲೋ ಇಲಿ ಸತ್ತಿರಬೇಕೆಂದು ಮೂಲೆಯಲ್ಲಿದ್ದ ಡಬ್ಬ, ಕುಂಡಗಳನ್ನೆಲ್ಲ ಎತ್ತಿ ಹುಡುಕಿದೆ. ಇಲಿ ಸಿಗಲಿಲ್ಲ. ವಾಸನೆ ಬರುತ್ತಿದ್ದದ್ದು ನಮ್ಮ ಬಿಳಿ ಮೊಲದಿಂದ. ಎತ್ತಿಕೊಂಡು ಹಿಂಗಾಲಿನ ಮೇಲಿನ ಕೂದಲು ಬಿಡಿಸಿ ನೋಡಿದರೆ ನಿಂಬೆಹಣ್ಣಿನಷ್ಟು ದಪ್ಪ ಗಂಟು, ಅದರ ಮೇಲೆ ಹಲ್ಲಿನ ಗುರುತು, ಸುತ್ತಲೂ ನೀಲಿಗಟ್ಟಿದ ಚರ್ಮ. ಕಚ್ಚಿದ್ದು ಅದರ ಜೊತೆಯಲ್ಲೇ ಬೆಳೆದ ಕಂದು ಮೊಲ. ಬೇರೆ ಯಾರೂ ಇರಲಿಲ್ಲವಲ್ಲ.

ಬಸವೇಶ್ವರನಗರದಲ್ಲಿ ನಮ್ಮದು ಮೊದಲನೇ ಮಹಡಿಯ ಬಾಡಿಗೆ ಮನೆ. ನಾನು ಸ್ಕೂಲಿಗೆ, ನನ್ನ ಗಂಡ ಆಫೀಸಿಗೆ ಹೊರಟರೆ ಸಂಜೆಯವರೆಗೆ ಮನೆಯಲ್ಲಿ ಅತ್ತೆ ಒಬ್ಬರೇ. ನಾಯಿ ಸಾಕಬಾರದೆಂದು ಮನೆ ಓನರ್ ಕಟ್ಟುನಿಟ್ಟಾಗಿ ಹೇಳಿದ್ದರಿಂದ ಅತ್ತೆಯ ಜೊತೆಗಿರಲೆಂದು ಎರಡು ಮೊಲ ತಂದೆವು. "ಎರಡೂ ಹೆಣ್ಣು ಸಾರ್, ಅಕ್ಕ ತಂಗಿ," ಎಂದಿದ್ದ ಅಂಗಡಿಯವನು. ಅತ್ತೆ ಅವನ್ನು "ನನ್ನ ಹೆಣ್ಮಕ್ಕಳು" ಅನ್ನುತ್ತಿದ್ದರು. ಸೀರಿಯಲ್ಲಿನ ಕಥೆಯನ್ನೂ ಅವಕ್ಕೇ ಹೇಳುತ್ತಿದ್ದರು. ನಮಗೆ ಹೇಳಿದರೆ ನಾವೆಲ್ಲಿ ಕೇಳುತ್ತಿದ್ದೆವು?

ಹತ್ತಿರದ ಕ್ಲಿನಿಕ್ಕುಗಳಲ್ಲಿ ನಾಯಿ, ಬೆಕ್ಕು ಬಿಟ್ಟರೆ ಬೇರೆ ನೋಡುವುದಿಲ್ಲ ಎಂದರು. ಕೊನೆಗೆ ನಾಗರಬಾವಿಯಲ್ಲಿ ಒಬ್ಬ ಡಾಕ್ಟರು ಸಿಕ್ಕರು. ಸ್ಕೂಟರಿನಲ್ಲಿ ಗಂಡನ ಹಿಂದೆ ಬುಟ್ಟಿ ತಬ್ಬಿಕೊಂಡು ಕೂತು ಹೋದೆ. ಡಾಕ್ಟರು ಮೊಲವನ್ನು ಅಂಗಾತ ತಿರುಗಿಸಿ ನೋಡಿ, "ಇದು ಗಂಡು ಮೇಡಂ. ಇಷ್ಟು ಜಗಳ ಆಡಿದಾವೆ ಅಂದ್ರೆ ಇನ್ನೊಂದೂ ಗಂಡೇ," ಎಂದರು. ಆಮೇಲೆ ಕೂದಲು ಬೋಳಿಸಿ, ಮರಗಟ್ಟಿಸಿ, ಗಂಟನ್ನು ಕೊಯ್ದರು. ಒಳಗಿದ್ದದ್ದು ನೀರಾದ ಕೀವಲ್ಲ, ಗಟ್ಟಿ ಬೆಣ್ಣೆಯಂಥದ್ದು. ಅದು ತಾನಾಗಿ ಹರಿದು ಹೋಗುವುದಿಲ್ಲವಂತೆ, ಕೆರೆದೇ ತೆಗೆಯಬೇಕಂತೆ. ನನ್ನ ಗಂಡ ಗಾಳಿ ಬೇಕೆಂದು ಹೊರಗೆ ಹೋದವರು ಬಿಲ್ ಕೊಡುವಾಗಲೇ ಒಳಗೆ ಬಂದದ್ದು.

ಹೊಲಿಗೆ ಹಾಕಲಿಲ್ಲ. ಗಾಯ ತೆರೆದೇ ಇರಬೇಕು, ಒಳಗಿನಿಂದ ತುಂಬಿಕೊಂಡು ಬರಬೇಕು. ಬೆಳಿಗ್ಗೆ ಸಂಜೆ ಸಲೈನಿನಲ್ಲಿ ತೊಳೆಯಬೇಕು, ದಿನಾ ಇಂಜೆಕ್ಷನ್ ಕೊಡಬೇಕು. ಹೊರಡುವಾಗ ಡಾಕ್ಟರು ಮತ್ತೆ ಕರೆದು ಹೇಳಿದರು: "ಎರಡಕ್ಕೂ ಸಂತಾನಹರಣ ಆಪರೇಷನ್ ಆಗೋವರೆಗೂ ಒಟ್ಟಿಗೆ ಬಿಡ್ಲೇಬೇಡಿ."

ಟವೆಲಿನಲ್ಲಿ ಸುತ್ತಿದ ಮೊಲವನ್ನು ಗಂಡ ಮುಖ ಆಚೆ ತಿರುಗಿಸಿ ಹಿಡಿದುಕೊಳ್ಳುತ್ತಿದ್ದರು. ನಾನು ಸಿರಿಂಜಿನ ಮೂತಿಯನ್ನು ಆ ತೂತಿನೊಳಗೆ ಇಟ್ಟು ತೊಳೆಯುತ್ತಿದ್ದೆ. ಮೊಲ ಕೂಗುವುದಿಲ್ಲ. ನೋವಾದರೆ ಕಟಕಟ ಹಲ್ಲು ಕಡಿಯುತ್ತದೆ, ಅಷ್ಟೇ. ಒಮ್ಮೆ ಕಿರುಚಬಾರದೇ, ನನ್ನ ಕೈಯನ್ನಾದರೂ ಕಚ್ಚಬಾರದೇ ಎಂದು ನನಗೆ ಅದರ ಮೇಲೇ ಸಿಟ್ಟು ಬರುತ್ತಿತ್ತು. ಕ್ರಮೇಣ ವಾಸನೆ ಹೋಯಿತು. ಗಾಯದ ತಳದಲ್ಲಿ ಕೆಂಪು ಮಾಂಸ ಕಾಣಿಸಿತು. ಒಂದು ಬೆಳಿಗ್ಗೆ ಅದು ಅತ್ತೆಯ ಕೈಯಿಂದ ಕೊತ್ತಂಬರಿ ಸೊಪ್ಪು ಎಳೆದುಕೊಂಡು ತಿಂದಿತು. ಅತ್ತೆ ಅತ್ತೇಬಿಟ್ಟರು. ಉಳಿಯಿತು ಎಂದುಕೊಂಡೆ.

ಎರಡು ಪಂಜರಗಳನ್ನು ಅಕ್ಕಪಕ್ಕ ಇಟ್ಟಿದ್ದೆವು. ಎರಡೂ ಮೊಲ ನಡುವಿನ ಜಾಲರಿಗೆ ಮೈ ಒತ್ತಿಕೊಂಡೇ ಮಲಗುತ್ತಿದ್ದವು. ಅತ್ತೆಗೆ ಅದನ್ನು ನೋಡಲಾಗುತ್ತಿರಲಿಲ್ಲ.

"ನೋಡೇ, ಒಂದನ್ನೊಂದು ಹೆಂಗೆ ಹುಡುಕ್ತಾವೆ. ಒಡಹುಟ್ಟಿದವು ಕಣೇ. ಕೋಪ ಎಷ್ಟು ದಿನ ಇರುತ್ತೆ?"

"ಡಾಕ್ಟ್ರು ಹೇಳಿದಾರಲ್ಲ ಅತ್ತೆ. ಬಿಡಬೇಡಿ," ಎಂದೆ.

ಅತ್ತೆಯ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಕ್ಕಳು ಹೊಡೆದಾಡಿದರೆ ಬೈಯುತ್ತಿರಲಿಲ್ಲ. ಇಬ್ಬರನ್ನೂ ಕೂರಿಸಿ ಒಂದೇ ತಟ್ಟೆಗೆ ಅನ್ನ ಸಾರು ಕಲಸಿಡುತ್ತಿದ್ದರು. ಎಂಜಲು ಹಂಚಿಕೊಂಡವರ ನಡುವೆ ಹಗೆ ನಿಲ್ಲುವುದಿಲ್ಲ ಎಂದು ಅವರ ನಂಬಿಕೆ. ಹಾಗೆ ಉಂಡು ಬೆಳೆದ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬರು ನನ್ನ ಗಂಡ, ಇನ್ನೊಬ್ಬರು ಕೆಂಗೇರಿಯಲ್ಲಿರುವ ಭಾವ. ಮಾವ ತೀರಿಕೊಂಡ ಮೇಲೆ ಇಬ್ಬರಿಗೂ ಮಾತಿಲ್ಲ, ಹಬ್ಬಕ್ಕೂ ಬರುವುದಿಲ್ಲ. ಆದರೂ ಅತ್ತೆಗೆ ಆ ತಟ್ಟೆಯ ಮೇಲಿನ ನಂಬಿಕೆ ಹೋಗಿರಲಿಲ್ಲ.

ಒಂದು ಸಂಜೆ ನಾನು ಸ್ಕೂಲಿನಿಂದ ಬಂದಾಗ ಅತ್ತೆ ಬಾಲ್ಕನಿಯ ನೆಲದ ಮೇಲೆ ಕೂತಿದ್ದರು. ಮುಂದೆ ಸ್ಟೀಲ್ ತಟ್ಟೆ, ಅದರ ತುಂಬ ಸೊಪ್ಪು, ಸುತ್ತ ಕಿತ್ತು ಬಿದ್ದ ಬಿಳಿ ತುಪ್ಪಳ. ಬಿಡಿಸಲು ಹೋಗಿ ಅವರ ಕೈಯೂ ಪರಚಿಹೋಗಿತ್ತು. ಬಿಳಿ ಮೊಲ ಅವರ ಮಡಿಲಲ್ಲಿ, ಸೆರಗಿನೊಳಗಿತ್ತು. ಹಳೇ ಗಾಯ ಪೂರ್ತಿ ಹರಿದಿತ್ತು. "ಮೊದ್ಲು ಸುಮ್ನೆ ತಿಂತಾ ಇದ್ವು ಕಣೇ," ಎಂದರು. "ಚೆನ್ನಾಗೇ ತಿಂತಾ ಇದ್ವು."

ಆವತ್ತೇ ಡಾಕ್ಟರ ಹತ್ತಿರ ಓಡಿದೆವು. ಅವರೆಲ್ಲೋ ಹೋಗಿದ್ದರು, ಅಲ್ಲಿದ್ದ ಹುಡುಗಿ ಗಾಯ ಶುಚಿ ಮಾಡಿ ಕಳಿಸಿದಳು. ಮೊಲ ಆಮೇಲೆ ಏನನ್ನೂ ತಿನ್ನಲಿಲ್ಲ. ಹಿಟ್ಟು ಕಲಸಿ ಸಿರಿಂಜಿನಲ್ಲಿ ಬಾಯಿಗಿಟ್ಟರೆ ಪಕ್ಕದಿಂದ ಇಳಿದುಹೋಗುತ್ತಿತ್ತು. ಮರುದಿನ ಮಧ್ಯಾಹ್ನ ಸತ್ತಿತು. ಓನರನ್ನು ಕೇಳಿ ಕಾಂಪೌಂಡಿನಲ್ಲಿ ಹೂಳಿದೆವು. ಮೇಲೆ ಬಂದವರೇ ನನ್ನ ಗಂಡ ಅಮ್ಮನ ಮೇಲೆ ಕೂಗಾಡಿದರು. "ಎಷ್ಟು ಸಲ ಹೇಳಿದ್ವಿ? ನಿನ್ನಿಂದಾನೇ ಸತ್ತಿದ್ದು!" ನನಗೂ ಅತ್ತೆಯ ಮೇಲೆ ಕೋಪವಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಮುಖ ನೋಡಿದ ಮೇಲೆ ಬೈಯಲು ಬಾಯಿ ಬರಲಿಲ್ಲ.

ಮಾರನೆಯ ದಿನ ಡಾಕ್ಟರೇ ಫೋನ್ ಮಾಡಿದರು. ನಾನು ಸ್ಪೀಕರಿಗೆ ಹಾಕಿ ಹುರುಳಿಕಾಯಿ ಹೆಚ್ಚುತ್ತಿದ್ದೆ, ಅತ್ತೆ ಎದುರಿಗಿದ್ದರು. ಹೋಯಿತು ಎಂದೆ.

"ಛೆ. ಸುಧಾರಿಸಿತ್ತಲ್ಲ ಮೇಡಂ. ಬೇರೆ ಬೇರೆ ಇಟ್ಟಿದ್ರಿ ತಾನೇ?"

"ಹೂಂ ಸಾರ್, ಬೇರೆನೇ ಇಟ್ಟಿದ್ವಿ. ಹೇಗೋ ಬಾಗಿಲು ತೆಗೆದುಕೊಂಡುಬಿಟ್ಟಿತ್ತು."

ಅತ್ತೆ ಕೈ ಚಾಚಿ ಫೋನನ್ನು ಹತ್ತಿರ ಎಳೆದುಕೊಂಡರು. "ಇಲ್ಲಪ್ಪ, ನನಗೋಸ್ಕರ ಸುಳ್ಳು ಹೇಳ್ತಿದಾಳೆ. ಬಾಗಿಲು ತೆಗೆದಿದ್ದು ನಾನು. ಒಟ್ಟಿಗೆ ತಿಂದ್ರೆ ಸರಿಹೋಗ್ತಾವೆ ಅಂದ್ಕೊಂಡೆ."

ಡಾಕ್ಟರು ಮೆತ್ತಗೆ, "ಹೋಗ್ಲಿ ಬಿಡಿ ಅಮ್ಮಾ. ಜೊತೆಯದು ಹೋದ್ರೆ ಕೆಲವು ಊಟ ಬಿಟ್ಬಿಡ್ತಾವೆ. ಇನ್ನೊಂದು ತಿಂತಾ ಇದೆಯಾ?" ಎಂದು ಕೇಳಿದರು.

ಅತ್ತೆ ಬಾಲ್ಕನಿಯ ಕಡೆ ನೋಡಿದರು.

"ತಿಂತಾ ಇದೆಯಪ್ಪ," ಎಂದರು. "ಎರಡರದ್ದೂ ಅದೊಂದೇ ತಿಂತಾ ಇದೆ."